ಹಿಮ ಕರಗಿದ ಮೇಲೆ ಉಳಿಯುವ ಬಣ್ಣ



ನಮ್ಮ ನಾಡಿನಲ್ಲಿ ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಆಲಿಕಲ್ಲು ಮಾತ್ರ. ಬೇಸಿಗೆಯ ಗುಡುಗು ಮಳೆಯಲ್ಲಿ ಅಪರೂಪಕ್ಕೊಮ್ಮೆ ಅದು ಬಿದ್ದರೆ ಮಕ್ಕಳು ಅಂಗಳಕ್ಕೆ ಓಡಿ ಬಟ್ಟಲಲ್ಲಿ ಹೆಕ್ಕಿ ತುಂಬುತ್ತಾರೆ. ಐದು ನಿಮಿಷದಲ್ಲಿ ಅದು ಕರಗಿ ನೀರಾಗುತ್ತದೆ. ಆದರೆ ಇಂದು ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಮದುವೆಯಾಗಿಯೋ, ಓದು ಉದ್ಯೋಗಗಳ ನಿಮಿತ್ತವೋ ಕೆನಡಾ, ಅಮೆರಿಕದಂತಹ ದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿನ ಹಲವು ಊರುಗಳಲ್ಲಿ ವರ್ಷದ ನಾಲ್ಕೈದು ತಿಂಗಳು ಹಿಮವೇ ಹಿಮ. ಬೆಳಗೆದ್ದರೆ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಬದಿಗೆ ಹಾಕುವುದೇ ಒಂದು ದೊಡ್ಡ ಕೆಲಸ.

ಹಾಗೆ ಎತ್ತಿ ಎಸೆಯುವ ಹಿಮವನ್ನು ಅಲ್ಲಿನ ಕೆಲವು ಗೃಹಿಣಿಯರು ಒಂದು ಟಬ್ಬಿಗೆ ತುಂಬಿ, ಅದರಿಂದಲೇ ಬಟ್ಟೆಗೆ ಬಣ್ಣ ಹಾಕುತ್ತಾರೆ ಎಂದರೆ ನಿಮಗೆ ಅಚ್ಚರಿಯಾಗಬಹುದು. ಒದ್ದೆ ಬಟ್ಟೆಯ ಮೇಲೆ ಹಿಮವನ್ನು ರಾಶಿ ಹಾಕಿ, ಅದರ ಮೇಲೆ ಬಣ್ಣದ ಪುಡಿಯನ್ನು ಉದುರಿಸಿ ಸುಮ್ಮನೆ ಬಿಟ್ಟುಬಿಡುತ್ತಾರೆ. ಹಿಮ ಕರಗುತ್ತಾ ಹೋದಂತೆ ಬಣ್ಣವೂ ಹನಿಹನಿಯಾಗಿ ಕೆಳಗಿಳಿಯುತ್ತದೆ. ಮರುದಿನ ತೊಳೆದು ನೋಡಿದರೆ ಬಟ್ಟೆಯ ಮೇಲೆ ಯಾವ ಕುಂಚದಿಂದಲೂ ಬರೆಯಲಾಗದಂತಹ ಚಿತ್ತಾರ! ಒಂದೆಡೆ ಮೋಡದ ಹಾಗೆ, ಇನ್ನೊಂದೆಡೆ ಅಮೃತಶಿಲೆಯ ಗೆರೆಗಳ ಹಾಗೆ. ಒಮ್ಮೆ ಬಂದ ವಿನ್ಯಾಸ ಮತ್ತೊಮ್ಮೆ ಬರುವುದಿಲ್ಲ.

ಈ ಬಾರಿ ನಾವು ಈ ಪ್ರಯೋಗದ ಬಗ್ಗೆ ತಿಳಿದುಕೊಳ್ಳೋಣ. ಹಿಮವಿರುವ ಊರಿನಲ್ಲಿರುವ ಸಹೋದರಿಯರು ಇದನ್ನು ನೇರವಾಗಿ ಮಾಡಬಹುದು. ಇಲ್ಲಿರುವ ನಮಗೆ ಫ್ರಿಡ್ಜಿನ ಐಸ್ ಇದೆಯಲ್ಲ!

"ಹಾಳಾದರೆ?" ಎಂಬ ಭಯ

ಪ್ರಯೋಗ ಎಂಬ ಮಾತು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಮೊದಲು ಮೂಡುವ ಪ್ರಶ್ನೆ, "ಹಾಳಾದರೆ?" ಎಂಬುದು. ಇದಕ್ಕೆ ಕಾರಣವೂ ಇದೆ. ಮನೆಯೊಳಗೆ ಒಂದು ವಸ್ತು ಹಾಳಾದರೆ ಅದರ ಲೆಕ್ಕ ಮೊದಲು ಬರುವುದು ಹೆಣ್ಣಿನ ಹೆಸರಿಗೆ. ಅನ್ನ ಸೀದರೆ ಒಂದು ಮಾತು, ಬಟ್ಟೆಗೆ ಕಲೆಯಾದರೆ ಇನ್ನೊಂದು ಮಾತು. ಹೀಗೆ ಕೇಳಿ ಕೇಳಿ ಗೊತ್ತಿರುವುದನ್ನು ಬಿಟ್ಟು ಬೇರೇನನ್ನೂ ಮುಟ್ಟದಿರುವುದೇ ಜಾಣತನ ಎಂದು ನಾವು ಕಲಿತುಬಿಟ್ಟಿದ್ದೇವೆ. ಉಳಿತಾಯ ಒಳ್ಳೆಯ ಗುಣ, ನಿಜ. ಆದರೆ ಹಾಳಾಗಬಹುದೆಂಬ ಭಯದಿಂದ ಕೈಕಟ್ಟಿ ಕೂರುವುದು ಉಳಿತಾಯವಲ್ಲ.

ಈ ಭಯಕ್ಕೆ ಹಿಮದ ಬಣ್ಣ ಒಂದು ಒಳ್ಳೆಯ ಮದ್ದು. ಇದಕ್ಕೆ ಹೊಸ ಬಟ್ಟೆ ಬೇಕಾಗಿಲ್ಲ. ಮಾಸಿದ ಬೆಡ್‌ಶೀಟ್, ಹಳದಿಗಟ್ಟಿದ ಬಿಳಿ ದುಪಟ್ಟಾ, ಸಣ್ಣ ಕಲೆಯಿಂದಾಗಿ ಕಪಾಟಿನ ತಳ ಸೇರಿದ ತಲೆದಿಂಬಿನ ಕವರ್ ಸಾಕು. ಹೇಗೂ ನೆಲ ಒರೆಸಲು ಹೋಗಲಿದ್ದ ಬಟ್ಟೆ ಅದು. ಎಣ್ಣೆಯ ಜಿಡ್ಡಿದ್ದರೆ ಮಾತ್ರ ಮೊದಲು ಅದನ್ನು ತೆಗೆಯಬೇಕು, ಜಿಡ್ಡಿರುವಲ್ಲಿ ಬಣ್ಣ ಹಿಡಿಯುವುದಿಲ್ಲ. ಚಹಾದ ಕಲೆಯಂತಹ ತಿಳಿ ಗುರುತುಗಳು ಚಿತ್ತಾರದ ನಡುವೆ ಅಡಗಿಹೋಗುತ್ತವೆ.

"ಹಾಳಾದದ್ದು" ಎಂದು ಚೆಲ್ಲಬೇಕಾಗಿದ್ದ ವಸ್ತುವಿನಿಂದಲೇ ಬಣ್ಣಗಳ ಇತಿಹಾಸದ ಒಂದು ದೊಡ್ಡ ಅಧ್ಯಾಯ ಆರಂಭವಾಯಿತು ಎಂಬುದು ನಿಮಗೆ ಗೊತ್ತೇ? 1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿ ರಜೆಯಲ್ಲಿ ತನ್ನ ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಮಲೇರಿಯಾದ ಔಷಧಿಯಾದ ಕ್ವಿನೈನ್ ತಯಾರಿಸಲು ಹೊರಟಿದ್ದ. ಸಿಕ್ಕಿದ್ದು ಕ್ವಿನೈನ್ ಅಲ್ಲ, ಪಾತ್ರೆಯ ತಳದಲ್ಲಿ ಒಂದಿಷ್ಟು ಕಪ್ಪು ಗಷ್ಟು. ಅದನ್ನು ಮದ್ಯಸಾರದಿಂದ ತೊಳೆಯಲು ಹೋದಾಗ ನೇರಳೆ ಬಣ್ಣ ಬಿಟ್ಟಿತು. ಆತ ಅದನ್ನು ಚೆಲ್ಲಲಿಲ್ಲ. ರೇಷ್ಮೆ ತುಂಡಿನ ಮೇಲೆ ಹಚ್ಚಿ, ತೊಳೆದು, ಬಣ್ಣ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ. ರಾಸಾಯನಿಕ ಬಣ್ಣಗಳ ಉದ್ಯಮಕ್ಕೆ ದಾರಿಯಾದದ್ದು ಆ ನೇರಳೆ.

ಅಲ್ಲಿಂದ ಸರಿಯಾಗಿ 100 ವರ್ಷಗಳ ನಂತರ, 1956ರಲ್ಲಿ, ಬ್ರಿಟನ್ನಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆ 'ಪ್ರೋಸಿಯಾನ್' ಎಂಬ ಹೆಸರಿನ ಹೊಸ ಬಗೆಯ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಅದೇ ಸಂಸ್ಥೆಯ ರಸಾಯನ ತಜ್ಞರಾದ ರಾಟಿ ಮತ್ತು ಸ್ಟೀಫನ್ 1954ರಲ್ಲಿ ಇದನ್ನು ಕಂಡುಹಿಡಿದಿದ್ದರು. ಹಿಮದಲ್ಲಿ ಬಣ್ಣ ಹಾಕುವವರು ಇಂದು ಬಳಸುವುದು ಇದೇ ಜಾತಿಯ ಬಣ್ಣಗಳನ್ನು.

ತಣ್ಣಗಿದ್ದೇ ಹಿಡಿಯುವ ಬಣ್ಣ

ಬಟ್ಟೆಗೆ ಬಣ್ಣ ಹಾಕುವುದೆಂದರೆ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಕೋಲಿನಿಂದ ತಿರುವುತ್ತಾ ನಿಲ್ಲುವುದು ಎಂದೇ ನಾವು ತಿಳಿದಿದ್ದೇವೆ. ಹಲವು ಬಣ್ಣಗಳಿಗೆ ಅದು ನಿಜವೂ ಹೌದು. ಪ್ರೋಸಿಯಾನ್ ಎಂಎಕ್ಸ್ ಜಾತಿಯ ಬಣ್ಣಗಳಿಗೆ ಮಾತ್ರ ಒಲೆ ಬೇಡ. ಇವು ನೂಲಿನ ಮೇಲೆ ಬರೇ ಅಂಟಿಕೊಳ್ಳುವುದಿಲ್ಲ, ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಸೇರಿ ಅದರದೇ ಒಂದು ಭಾಗವಾಗಿಬಿಡುತ್ತವೆ. ಆದ್ದರಿಂದಲೇ ಇವನ್ನು 'ರಿಯಾಕ್ಟಿವ್' ಬಣ್ಣಗಳೆಂದು ಕರೆಯುತ್ತಾರೆ. ನಮ್ಮ ದೇಶದ ಬಣ್ಣದ ಅಂಗಡಿಗಳಲ್ಲಿ ಇದಕ್ಕೆ 'ಕೋಲ್ಡ್ ಬ್ರಾಂಡ್' ಎಂದು ಹೇಳುತ್ತಾರೆ. 'ಹಾಟ್ ಬ್ರಾಂಡ್' ಎಂಬುದು ಬೇರೆ, ಅದಕ್ಕೆ ಬಿಸಿ ಬೇಕು. ಕೊಳ್ಳುವಾಗ ಕೇಳಿಯೇ ಕೊಳ್ಳಿ.

ಈ ಬಣ್ಣ ಹಿಡಿಯಲು ಒಂದು ಷರತ್ತಿದೆ. ಬಟ್ಟೆ ಕ್ಷಾರದಲ್ಲಿ ನೆನೆದಿರಬೇಕು. ಅದಕ್ಕಾಗಿ ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್ ಬಳಸುತ್ತಾರೆ. ಇದು ಅಡುಗೆ ಸೋಡಾ ಅಲ್ಲ ಎಂಬುದನ್ನು ನೆನಪಿಡಿ. ಹರಳು ಹರಳಾಗಿ ಸಿಗುವ ಬಟ್ಟೆ ಸೋಡಾ ಕೂಡ ಸೋಡಿಯಂ ಕಾರ್ಬೊನೇಟೇ. ಆದರೆ ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ಆದ್ದರಿಂದ ಪುಡಿಯ ಬದಲು ಹರಳು ಬಳಸುವುದಾದರೆ ತೂಕದಲ್ಲಿ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಬೇಕು.

ಇನ್ನು ಹಿಮದ ಕೆಲಸವೇನು? ಅದೊಂದು ನಿಧಾನವಾಗಿ ತೊಟ್ಟಿಕ್ಕುವ ನಲ್ಲಿಯ ಹಾಗೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಮಂಜುಗಡ್ಡೆ ಕರಗಿ ಸೊನ್ನೆ ಡಿಗ್ರಿಯ ನೀರಾಗಲು ಎಷ್ಟು ಶಾಖ ಬೇಕೋ, ಅಷ್ಟು ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಆದ್ದರಿಂದ ಹಿಮ ಬೇಗ ಕರಗುವುದಿಲ್ಲ. ಗಂಟೆಗಟ್ಟಲೆ ಒಂದೊಂದೇ ಹನಿ ಇಳಿಯುತ್ತದೆ. ಎಲ್ಲಿ ಹನಿ ಮೊದಲು ತಲುಪಿತೋ ಅಲ್ಲಿ ಬಣ್ಣ ಗಾಢ, ಎಲ್ಲಿ ನೆರಿಗೆ ಅಡ್ಡ ಬಂತೋ ಅಲ್ಲಿ ಬಿಳಿ.

ಇನ್ನೊಂದು ಸೋಜಿಗವಿದೆ. ನೀವು ಕಪ್ಪು ಬಣ್ಣದ ಪುಡಿ ಹಾಕಿದರೂ ಬಟ್ಟೆಯಲ್ಲಿ ನೀಲಿ, ನೇರಳೆ, ಕೆಲವೊಮ್ಮೆ ಕಂದು ಕಾಣಿಸಿಕೊಳ್ಳುತ್ತವೆ. ಅಂಗಡಿಯವರು ಮೋಸ ಮಾಡಿದರೆಂದು ತಿಳಿಯಬೇಡಿ! ಕಪ್ಪು, ಕಂದು, ಕಡುಹಸಿರಿನಂತಹ ಹೆಚ್ಚಿನ ಬಣ್ಣಗಳು ಮೂರ್ನಾಲ್ಕು ಬಣ್ಣಗಳ ಮಿಶ್ರಣ. ಹಂಡೆಯ ನೀರಿನಲ್ಲಿ ಅವೆಲ್ಲ ಒಂದಾಗಿ ಬೆರೆತು ಹಿಡಿಯುತ್ತವೆ. ಹಿಮದ ನಿಧಾನಗತಿಯಲ್ಲಿ ಪ್ರತಿಯೊಂದೂ ತನ್ನದೇ ವೇಗದಲ್ಲಿ ಕರಗಿ, ತನ್ನದೇ ವೇಗದಲ್ಲಿ ನೂಲನ್ನು ಹಿಡಿಯುತ್ತದೆ. ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆಯಿಟ್ಟ ಕಾಗದವನ್ನು ನೀರಿಗೆ ತಾಗಿಸಿದಾಗ ಬಣ್ಣಗಳು ಬೇರೆಬೇರೆಯಾಗಿ ಹರಡುವುದನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಮಾಡಿ ನೋಡಿರಬಹುದು. ಇದೂ ಸುಮಾರಾಗಿ ಅದೇ ಆಟ.

ಹಿಮಕ್ಕೂ ಬಟ್ಟೆಗೂ ಹಳೆಯ ನಂಟು

ಹಿಮದಿಂದ ಬಟ್ಟೆಗೆ ಬಣ್ಣ ಕೊಡುವುದು ಈಚಿನ ಹವ್ಯಾಸ. ಆದರೆ ಹಿಮದಿಂದ ಬಣ್ಣ ತೆಗೆಯುವ ಕಲೆ ಬಹಳ ಹಳೆಯದು. ಜಪಾನಿನ ನೀಗಾತಾ ಪ್ರಾಂತ್ಯ ಹೆಚ್ಚು ಹಿಮ ಬೀಳುವ ಪ್ರದೇಶ. ಅಲ್ಲಿ 'ರಾಮಿ' ಎಂಬ ಗಿಡದ ನಾರಿನಿಂದ 'ಎಚಿಗೋ ಜೋಫು' ಎಂಬ ತೆಳುವಾದ ಬಟ್ಟೆ ನೇಯುತ್ತಾರೆ. ಚಳಿಗಾಲದ ಕೊನೆಯಲ್ಲಿ, ಬಿಸಿಲು ಬಿದ್ದ ದಿನಗಳಲ್ಲಿ, ಆ ಬಟ್ಟೆಯ ಉದ್ದುದ್ದ ಪಟ್ಟಿಗಳನ್ನು ಹಿಮದ ಬಯಲಿನ ಮೇಲೆ ಹಾಸುತ್ತಾರೆ. ಬಿಸಿಲಿಗೆ ಹಿಮ ಆವಿಯಾಗುವಾಗ ಹುಟ್ಟುವ ಓಜೋನ್ ಬಟ್ಟೆಯ ಕಂದು ಛಾಯೆಯನ್ನು ತೆಗೆದು ಬಿಳುಪುಗೊಳಿಸುತ್ತದೆ ಎಂದು ಇದನ್ನು ವಿವರಿಸುತ್ತಾರೆ. 2009ರಲ್ಲಿ ಯುನೆಸ್ಕೋ ಈ ನೇಯ್ಗೆಯ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊರಗೆ ಕಾಲಿಡಲಾಗದ ಚಳಿಯ ತಿಂಗಳುಗಳಲ್ಲಿ ಮನೆಯೊಳಗೆ ಕುಳಿತು ಈ ನೂಲು ತೆಗೆದು ನೇಯ್ದವರಲ್ಲಿ ಹೆಚ್ಚಿನವರು ಹೆಂಗಸರೇ.

ಮಾಡುವುದು ಹೇಗೆ?

ಬಟ್ಟೆ: ಹತ್ತಿ, ಲಿನನ್, ರೇಯಾನ್ ಬಟ್ಟೆಗಳು ಆಗುತ್ತವೆ. ಪಾಲಿಯೆಸ್ಟರ್ ಆಗದು, ಅದರಲ್ಲಿ ಈ ಬಣ್ಣ ನಿಲ್ಲುವುದೇ ಇಲ್ಲ. ಉಣ್ಣೆಗೆ ಸೋಡಾ ಹಾನಿಕರ. ಹೊಲಿದ ಬಟ್ಟೆಯಾದರೆ ದಾರವನ್ನೂ ನೋಡಿ. ಪಾಲಿಯೆಸ್ಟರ್ ದಾರದ ಹೊಲಿಗೆ ಬಿಳಿಯಾಗಿಯೇ ಉಳಿದು ಎದ್ದು ಕಾಣುತ್ತದೆ. ಹೊಸ ಬಟ್ಟೆಯಾದರೆ ಬಿಸಿನೀರು, ಸಾಬೂನು ಹಾಕಿ ಒಗೆದು ಗಂಜಿಯನ್ನು ಪೂರ್ತಿ ತೆಗೆಯಿರಿ. ಗಂಜಿ ಉಳಿದರೆ ಬಣ್ಣ ನೂಲನ್ನು ಬಿಟ್ಟು ಗಂಜಿಯನ್ನು ಹಿಡಿದು, ಮೊದಲ ಒಗೆತಕ್ಕೇ ಹೋಗಿಬಿಡುತ್ತದೆ.

ನೆನೆಸುವುದು: ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಸುಮಾರು 60 ಗ್ರಾಂ ಸೋಡಾ ಆಶ್ ಹಾಕಿ ಕರಗಿಸಿ. ಬಟ್ಟೆಯನ್ನು 20 ನಿಮಿಷ ಅದರಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ. ನೀರಿನಲ್ಲಿ ಜಾಲಿಸಬೇಡಿ, ಸೋಡಾ ಬಟ್ಟೆಯಲ್ಲಿಯೇ ಇರಬೇಕು. ಪ್ಲಾಸ್ಟಿಕ್ ಬಕೆಟ್ ಬಳಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ. ಕೈಗೆ ರಬ್ಬರ್ ಗ್ಲೌಸ್ ಇರಲಿ.

ಇಡುವುದು: ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಮೇಲೆ ಒಂದು ಜಾಲರಿ ಅಥವಾ ತೂತುಗಳಿರುವ ಬುಟ್ಟಿಯನ್ನಿಡಿ. ಬಟ್ಟೆಯನ್ನು ಮುದುಡಿ, ನೆರಿಗೆಗಳು ಮೇಲೆ ಕಾಣುವಂತೆ ಅದರಲ್ಲಿ ಹರಡಿ. ಜಾಲರಿ ಏಕೆಂದರೆ, ಕರಗಿದ ನೀರು ಕೆಳಗೆ ಹೋಗಬೇಕು. ಎಲ್ಲ ಬಣ್ಣಗಳೂ ಬೆರೆತು ಕೆಸರಿನಂತಾದ ಆ ನೀರಿನಲ್ಲಿ ಬಟ್ಟೆ ಮುಳುಗಿದರೆ ಚಿತ್ತಾರವೂ ಕೆಸರಾಗುತ್ತದೆ.

ಹಿಮ: ಬಟ್ಟೆ ಕಾಣದಂತೆ ಕನಿಷ್ಠ 10 ಸೆಂಟಿಮೀಟರ್ ಎತ್ತರಕ್ಕೆ ಹಿಮವನ್ನು ಹಾಕಿ, ಸ್ವಲ್ಪ ಒತ್ತಿ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚು. 10 ಸೆಂಟಿಮೀಟರ್ ಹಿಮ ಕರಗಿದರೆ ಸಿಗುವುದು ಸುಮಾರು 1 ಸೆಂಟಿಮೀಟರ್ ನೀರು ಮಾತ್ರ. ಆದ್ದರಿಂದ ಜಿಪುಣತನ ಬೇಡ. ರಸ್ತೆ ಬದಿಯ ಹಿಮವನ್ನು ತರಬೇಡಿ, ಹಿಮ ಕರಗಿಸಲೆಂದು ಅಲ್ಲಿ ಉಪ್ಪು ಹಾಕಿರುತ್ತಾರೆ. ಹಿತ್ತಿಲಿನ ಸ್ವಚ್ಛ ಹಿಮವೇ ಬೇಕು.

ಬಣ್ಣ: ಒಂದು ದುಪಟ್ಟಾಕ್ಕೆ ಎರಡು ಮೂರು ಟೀ ಚಮಚ ಪುಡಿ ಸಾಕು. ಹಿಮದ ಮೇಲೆ ಅಲ್ಲಲ್ಲಿ ಉದುರಿಸಿ. ಪುಡಿಯನ್ನು ಮೊದಲೇ ನೀರಿನಲ್ಲಿ ಕರಗಿಸಿ ಹಿಮದ ಮೇಲೆ ಸುರಿಯುವವರೂ ಇದ್ದಾರೆ. ಹಾಗೆ ಮಾಡಿದರೆ ಬಣ್ಣಗಳು ಮೃದುವಾಗಿ ಬೆರೆಯುತ್ತವೆ, ಪುಡಿ ಹಾಕಿದರೆ ಚುಕ್ಕೆ ಗೆರೆಗಳು ತೀಕ್ಷ್ಣವಾಗಿರುತ್ತವೆ. ಮೊದಲ ಸಲ ಒಂದೇ ಬಣ್ಣ ಅಥವಾ ಹೊಂದಿಕೊಳ್ಳುವ ಎರಡು ಬಣ್ಣ ಸಾಕು. ನೀಲಿಯೂ ನೇರಳೆಯೂ ಬೆರೆತರೆ ಚೆನ್ನ. ನೀಲಿಗೆ ಕಿತ್ತಳೆ ಬೆರೆತರೆ ಕಂದು ಮಣ್ಣಿನ ಬಣ್ಣವಾದೀತು.

ಕಾಯುವುದು: ಟಬ್ಬನ್ನು ಮನೆಯೊಳಗೆ, ಬೆಚ್ಚಗಿನ ಕೋಣೆಯಲ್ಲಿಡಿ. ಹೊರಗೆ ಕೊರೆಯುವ ಚಳಿಯಲ್ಲಿಟ್ಟರೆ ಹಿಮ ಕರಗುವುದೇ ಇಲ್ಲ. ಪೂರ್ತಿ ಕರಗಿದ ಮೇಲೆಯೂ ಅವಸರ ಬೇಡ. ಹಿಮದ ತಂಪಿನಲ್ಲಿ ಬಣ್ಣ ನೂಲನ್ನು ಬಹಳ ನಿಧಾನವಾಗಿ ಹಿಡಿಯುತ್ತದೆ. ಬಟ್ಟೆ ಕೋಣೆಯ ಬಿಸುಪಿಗೆ, ಅಂದರೆ 21 ಡಿಗ್ರಿಗಿಂತ ಮೇಲೆ ಬಂದ ನಂತರವೇ ಕೆಲಸ ಚುರುಕಾಗುವುದು. ಬಟ್ಟೆ ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಟ್ಟು 24 ಗಂಟೆ ಬಿಡಿ.

ತೊಳೆಯುವುದು: ಮೊದಲು ತಣ್ಣೀರಿನಲ್ಲಿ ಸೋಡಾ ಹೋಗುವವರೆಗೆ ಜಾಲಿಸಿ. ನಂತರ ಬಿಸಿನೀರಿನಲ್ಲಿ, ನೀರು ತಿಳಿಯಾಗುವವರೆಗೆ. ಕೊನೆಗೆ ಸಾಬೂನು ಪುಡಿ ಹಾಕಿ ಒಗೆಯಿರಿ. ನೀರಿನಲ್ಲಿ ಬಣ್ಣ ಧಾರಾಳವಾಗಿ ಹೋಗುವುದನ್ನು ಕಂಡು ಗಾಬರಿಯಾಗಬೇಡಿ. ಈ ಬಣ್ಣ ನೂಲಿನೊಂದಿಗೆ ಸೇರುವಂತೆಯೇ ನೀರಿನೊಂದಿಗೂ ಸೇರುತ್ತದೆ. ಹಾಗೆ ನೀರಿನ ಪಾಲಾದ ಬಣ್ಣ ಮತ್ತೆ ಬಟ್ಟೆಗೆ ಹಿಡಿಯದು, ಅದು ಹೋಗಲೇಬೇಕು. ಒದ್ದೆಯಲ್ಲಿ ಕಡುವಾಗಿ ಕಂಡದ್ದು ಒಣಗಿದಾಗ ತಿಳಿಯಾಗುತ್ತದೆ. ಆದ್ದರಿಂದ ಟಬ್ಬಿನಲ್ಲಿ ನೋಡಿ ಮೆಚ್ಚಬೇಡಿ, ಹಗ್ಗದ ಮೇಲೆ ಒಣಗಿದ ನಂತರ ನೋಡಿ ನಿರ್ಧರಿಸಿ.

ನಾಲ್ಕು ಕರವಸ್ತ್ರದ ಪ್ರಯೋಗ

ಇಷ್ಟು ಓದಿ ದೊಡ್ಡ ಬೆಡ್‌ಶೀಟನ್ನೇ ಟಬ್ಬಿಗೆ ಹಾಕಲು ಹೊರಡಬೇಡಿ. ಮೊದಲು ಒಂದೇ ಹಳೆಯ ಹತ್ತಿ ಬಟ್ಟೆಯಿಂದ ಕರವಸ್ತ್ರದಷ್ಟು ಅಗಲದ ನಾಲ್ಕು ತುಂಡುಗಳನ್ನು ಕತ್ತರಿಸಿ. ಗುರುತಿಗಾಗಿ ಮೂಲೆಯಲ್ಲಿ ಪಾಲಿಯೆಸ್ಟರ್ ದಾರದಿಂದ ಒಂದು, ಎರಡು, ಮೂರು, ನಾಲ್ಕು ಹೊಲಿಗೆ ಹಾಕಿ. ಪೆನ್ನಿನಿಂದ ಬರೆದರೆ ಬಣ್ಣದಲ್ಲಿ ಮುಚ್ಚಿಹೋದೀತು, ಈ ಹೊಲಿಗೆ ಬಿಳಿಯಾಗಿ ಉಳಿಯುತ್ತದೆ. ನಾಲ್ಕಕ್ಕೂ ಬೇರೆ ಬೇರೆ ಬುಟ್ಟಿ, ಆದರೆ ಒಂದೇ ಬಣ್ಣ, ಒಂದೇ ಅಳತೆಯ ಹಿಮ.

ಮೊದಲನೆಯದನ್ನು ಮೇಲೆ ಹೇಳಿದ ಕ್ರಮದಲ್ಲಿಯೇ ಪೂರ್ತಿ ಮಾಡಿ. ಎರಡನೆಯದನ್ನು ಸೋಡಾ ಹಾಕದೆ ಬರೇ ನೀರಿನಲ್ಲಿ ನೆನೆಸಿ. ಮೂರನೆಯದಕ್ಕೆ ಸೋಡಾ ಹಾಕಿ, ಆದರೆ ಹಿಮ ಕರಗಿದೊಡನೆ, ತಣ್ಣಗಿರುವಾಗಲೇ ತೊಳೆದುಬಿಡಿ. ನಾಲ್ಕನೆಯದರಲ್ಲಿ ಎಲ್ಲವೂ ಮೊದಲನೆಯದರಂತೆಯೇ, ಮುದುಡುವ ಬದಲು ಬೀಸಣಿಗೆಯ ಹಾಗೆ ಸಾಲು ನೆರಿಗೆ ಹಿಡಿಯಿರಿ, ಅಷ್ಟೇ.

ಮರುದಿನ ತೊಳೆದಾಗ ಎರಡನೆಯದರ ಬಣ್ಣ ಬಹುಪಾಲು ನೀರಿನಲ್ಲಿ ಹರಿದುಹೋಗುತ್ತದೆ. ಟಬ್ಬಿನಲ್ಲಿದ್ದಾಗ ಅದೂ ಮೊದಲನೆಯದರಷ್ಟೇ ಚೆಂದವಾಗಿ ಕಂಡಿರುತ್ತದೆ! ಸೋಡಾ ಏಕೆ ಬೇಕೆಂದು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಮೂರನೆಯದು ಮಾಸಲಾಗಿ ಉಳಿಯುತ್ತದೆ, ಕಾಯುವುದರ ಬೆಲೆ ಅದರಿಂದ ತಿಳಿಯುತ್ತದೆ. ನಾಲ್ಕನೆಯದರಲ್ಲಿ ಮೋಡದ ಬದಲು ಪಟ್ಟೆ ಪಟ್ಟೆಯಾದ ಗೆರೆಗಳು ಬರುತ್ತವೆ. ಇಲ್ಲಿ ಎರಡನೆಯದೂ ಮೂರನೆಯದೂ "ಹಾಳಾದ" ಬಟ್ಟೆಗಳಲ್ಲ. ಅವು ಪಾಠ ಹೇಳಿದ ಬಟ್ಟೆಗಳು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದು, ಇದೇ ಪ್ರಯೋಗದ ಗುಟ್ಟು. ಬಟ್ಟೆ, ಬಣ್ಣ, ಸಮಯ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಫಲ ಬಂದರೂ ಕಾರಣ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ತುಂಡಿನ ಮೂಲೆಯನ್ನು ಕತ್ತರಿಸಿ ಪುಟಕ್ಕೆ ಹೊಲಿದು, ಪಕ್ಕದಲ್ಲಿ ದಿನಾಂಕ, ಸೋಡಾದ ಅಳತೆ, ಬಣ್ಣದ ಹೆಸರು, ಎಷ್ಟು ಗಂಟೆ ಬಿಟ್ಟಿರಿ ಎಂಬುದನ್ನು ಬರೆಯಿರಿ. ನಮ್ಮ ಅಜ್ಜಿಯಂದಿರು ಉಪ್ಪಿನಕಾಯಿಗೆ ಎಷ್ಟು ಉಪ್ಪು, ಹಪ್ಪಳಕ್ಕೆ ಎಷ್ಟು ಬಿಸಿಲು ಎಂಬುದನ್ನೆಲ್ಲ ಹೀಗೆಯೇ ಮಾಡಿ ನೋಡಿ, ಕೆಡಿಸಿ, ತಿದ್ದಿ ಕಂಡುಕೊಂಡವರು. ಅದನ್ನು ಯಾರೂ ಪ್ರಯೋಗವೆಂದು ಕರೆಯಲಿಲ್ಲ, ಅವರು ಬರೆದಿಡಲೂ ಇಲ್ಲ. "ಕೈ ಅಳತೆ" ಎಂದು ಹೇಳಿ ಹೊರಟುಹೋದರು, ಅವರೊಂದಿಗೆ ಆ ಅಳತೆಯೂ ಹೋಯಿತು. ನಮ್ಮ ವಿಷಯದಲ್ಲಿ ಹಾಗಾಗದಿರಲಿ.

ಎಚ್ಚರ ತಪ್ಪಬೇಡಿ

ಇನ್ನು ಮುಖ್ಯವಾದ ಮಾತು. ಬಟ್ಟೆ ಕೆಟ್ಟರೆ ಚಿಂತೆಯಿಲ್ಲ, ಆರೋಗ್ಯ ಕೆಡಬಾರದು. ರಿಯಾಕ್ಟಿವ್ ಬಣ್ಣದ ಪುಡಿ ಬಹಳ ನುಣುಪು. ಡಬ್ಬಿ ತೆರೆದೊಡನೆ ಗಾಳಿಯಲ್ಲಿ ಹಾರುತ್ತದೆ. ಇದನ್ನು ಮತ್ತೆ ಮತ್ತೆ ಉಸಿರಾಡಿದ ಬಣ್ಣದ ಕಾರ್ಖಾನೆಗಳ ಕೆಲಸಗಾರರಲ್ಲಿ ಅಲರ್ಜಿ, ಆಸ್ತಮಾ ಕಂಡುಬಂದಿದೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಆಮೇಲೆ ಸ್ವಲ್ಪ ಪುಡಿಯೂ ತೊಂದರೆ ಕೊಡಬಹುದು. ಆದ್ದರಿಂದ ಮೂಗು, ಬಾಯಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಿ. ಬರೇ ದುಪಟ್ಟಾದ ಸೆರಗು ಸಾಲದು. ಪುಡಿ ಉದುರಿಸುವಾಗ ಫ್ಯಾನ್ ಆರಿಸಿ, ಗಾಳಿ ಬೀಸುವ ಕಿಟಕಿ ಮುಚ್ಚಿ. ಕೆಳಗೆ ಒದ್ದೆ ಪತ್ರಿಕೆ ಹಾಸಿದರೆ ಬಿದ್ದ ಪುಡಿ ಹಾರುವುದಿಲ್ಲ. ಆಸ್ತಮಾ ಇರುವವರು, ಗರ್ಭಿಣಿಯರು ಪುಡಿಯ ಹತ್ತಿರ ಸುಳಿಯದಿರುವುದೇ ಲೇಸು.

ಅಡುಗೆಮನೆಯ ಪಾತ್ರೆ, ಚಮಚ, ಸೋಸುವ ಬುಟ್ಟಿ ಯಾವುದನ್ನೂ ಇದಕ್ಕೆ ಬಳಸಬೇಡಿ. "ಆಮೇಲೆ ತೊಳೆದರಾಯಿತು" ಎಂಬ ಲೆಕ್ಕ ಬೇಡ. ಇದಕ್ಕೆಂದೇ ಹಳೆಯ ಚಮಚ, ಟಬ್ಬುಗಳನ್ನು ಗುರುತು ಹಾಕಿ ಬೇರೆಯೇ ಇಡಿ.

ಮಕ್ಕಳ ವಿಷಯದಲ್ಲಂತೂ ಕಣ್ಣಲ್ಲಿ ಕಣ್ಣಿಟ್ಟಿರಬೇಕು. ಬಿಳಿ ಹಿಮದ ಮೇಲೆ ಕೆಂಪು, ಹಳದಿ, ನೀಲಿ ಇಳಿಯುತ್ತಿರುವ ಟಬ್ಬು ನೋಡಲು ಥೇಟ್ ಐಸ್ ಗೋಲಾದ ಹಾಗೆಯೇ ಇರುತ್ತದೆ! ಪುಟ್ಟ ಮಗು ಕೈ ಹಾಕಿ ಬಾಯಿಗಿಟ್ಟುಕೊಳ್ಳಲು ಒಂದು ಕ್ಷಣ ಸಾಕು. ರಾತ್ರಿಯಿಡೀ ಇಡುವ ಟಬ್ಬನ್ನು ಮುಚ್ಚಿ, ಬೀಗವಿರುವ ಕೋಣೆಯಲ್ಲಿಡಿ. ಹತ್ತು ಹನ್ನೆರಡರ ಮೇಲಿನ ಮಕ್ಕಳಾದರೆ ನೆರಿಗೆ ಹಿಡಿಯಲು, ಹಿಮ ತುಂಬಲು ಸೇರಿಸಿಕೊಳ್ಳಿ. ಪುಡಿಯ ಕೆಲಸ ಮಾತ್ರ ನಿಮ್ಮದಾಗಿರಲಿ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರಿನಿಂದ ನೊಯ್ಯಲ್ ನದಿ ಎಷ್ಟು ಕೆಟ್ಟಿತೆಂದರೆ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ಮನೆಯ ಒಂದು ಟಬ್ಬು ಅದಕ್ಕೆ ಸಮವಲ್ಲ, ನಿಜ. ಆದರೂ ಬಣ್ಣದ ನೀರನ್ನು ಬಾವಿಯ ಬದಿಗೆ, ತರಕಾರಿ ಗಿಡದ ಬುಡಕ್ಕೆ ಸುರಿಯಬೇಡಿ. ಮನೆಯ ಚರಂಡಿಗೆ ಹೆಚ್ಚು ನೀರಿನೊಂದಿಗೆ ಬಿಡಿ. ಬಣ್ಣವನ್ನು ಅಳತೆ ಮೀರಿ ಹಾಕದಿರುವುದು ಎಲ್ಲಕ್ಕಿಂತ ಒಳ್ಳೆಯದು.

ನಮ್ಮೂರಿನಲ್ಲಿ ಐಸ್ ಸಾಕು

ಊರಿನಲ್ಲಿರುವ ಸಹೋದರಿಯರು ಹಿಮದ ಬದಲು ಐಸ್ ಬಳಸಬಹುದು. ಫ್ರಿಡ್ಜಿನ ಟ್ರೇಯಲ್ಲಿ ಎರಡು ಮೂರು ದಿನ ಐಸ್ ಮಾಡಿ ಒಂದು ಚೀಲದಲ್ಲಿ ಕೂಡಿಡಿ. ತೊಳೆದ ಹಾಲಿನ ಪ್ಯಾಕೆಟಿನಲ್ಲಿ ನೀರು ಹೆಪ್ಪುಗಟ್ಟಿಸಿ, ಗೋಣಿಯಲ್ಲಿ ಸುತ್ತಿ ಕುಟ್ಟಿದರೂ ಆಗುತ್ತದೆ. ಸಣ್ಣದಾಗಿ ಕುಟ್ಟಿದಷ್ಟೂ ಹಿಮದ ಮೃದುತ್ವ ಹತ್ತಿರವಾಗುತ್ತದೆ. ದೊಡ್ಡ ತುಂಡುಗಳಾದರೆ ಗಡಿ ಗೆರೆಗಳು ಎದ್ದು ಕಾಣುತ್ತವೆ. ಕರಾವಳಿಯವರು ಬಂದರಿನಿಂದ ಮೀನಿನ ಐಸ್ ತರಿಸಲು ಹೋಗಬೇಡಿ, ದುಪಟ್ಟಾಕ್ಕೆ ಬಣ್ಣದ ಜೊತೆ ವಾಸನೆಯೂ ಸೇರೀತು!

ನಮ್ಮ ಸೆಕೆ ಇಲ್ಲಿ ನಮಗೆ ಉಪಕಾರಿ. ಐಸ್ ಬೇಗ ಕರಗಿದರೂ, ಆನಂತರದ ಬಿಸುಪಿನಲ್ಲಿ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಬರುವುದು ನೀರಿನಿಂದ. ಬಯಲುಸೀಮೆಯ ಎಷ್ಟೋ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದಂಶದಿಂದ ಬಣ್ಣ ಮಂಕಾಗುತ್ತದೆ. ಹಿಮದ ನೀರಿನಲ್ಲಿ ಆ ದೋಷವಿಲ್ಲ, ಅದು ಮಳೆ ನೀರಿನಷ್ಟೇ ಮೃದು. ಆದ್ದರಿಂದ ಗಡಸು ನೀರಿನ ಊರಿನವರು ಮಳೆ ನೀರು ಹಿಡಿದು ಅದನ್ನೇ ಐಸ್ ಮಾಡಿಕೊಳ್ಳಿ. ಸೋಡಾ ಕರಗಿಸಲೂ ಅದನ್ನೇ ಬಳಸಿ.

ಮಾರುವ ಆಸೆಯಿದ್ದರೆ

ನಾಲ್ಕು ದುಪಟ್ಟಾ ಚೆನ್ನಾಗಿ ಬಂದೊಡನೆ ನೆರೆಕರೆಯವರು, "ನನಗೂ ಒಂದು ಮಾಡಿಕೊಡಿ" ಎನ್ನುವುದು ಸಹಜ. ಹೊಲಿಗೆಯಿಂದ ನಾಲ್ಕು ಕಾಸು ಸಂಪಾದಿಸುವ ಸಹೋದರಿಯರಿಗೆ ಇದೊಂದು ಹೊಸ ದಾರಿಯೂ ಆಗಬಹುದು. ಆದರೆ ಮೂರು ಮಾತು ನೆನಪಿಡಿ. ಒಂದು, ತೋರಿಸಿದ ಮಾದರಿಯಂತೆಯೇ ಮತ್ತೊಂದು ಬರುತ್ತದೆಂದು ಯಾರಿಗೂ ಮಾತು ಕೊಡಬೇಡಿ. ಹಿಮವಾಗಲಿ ಐಸಾಗಲಿ ಎರಡು ಸಲ ಒಂದೇ ರೀತಿ ಕರಗದು. ಅಕ್ಕತಂಗಿಯರಿಗೆ ಒಂದೇ ತರಹದ ಜೋಡಿ ಬೇಕೆಂದರೆ ಒಂದೇ ದೊಡ್ಡ ಬಟ್ಟೆಗೆ ಬಣ್ಣ ಹಾಕಿ ಆಮೇಲೆ ಕತ್ತರಿಸಿ ಹೊಲಿಯಿರಿ, ಆಗಲೂ ಹೋಲಿಕೆ ಬಂದೀತೇ ಹೊರತು ನಕಲು ಬಾರದು. ಎರಡು, ಮಾರುವ ಮೊದಲು ಬಿಳಿ ಚಿಂದಿಯೊಂದನ್ನು ಜೊತೆಗೆ ಹಾಕಿ ಬಿಸಿನೀರಿನಲ್ಲಿ ಒಗೆದು ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೂ ತೊಳೆಯಬೇಕೆಂದು ಅರ್ಥ. ಮೂರು, ಲೆಕ್ಕ ಹಾಕುವಾಗ ಬಟ್ಟೆ, ಬಣ್ಣ, ಸೋಡಾ, ಸಾಬೂನಿನ ಖರ್ಚಿನ ಜೊತೆ ನಿಮ್ಮ ಶ್ರಮದ ಬೆಲೆಯನ್ನೂ ಸೇರಿಸಿ. ನಾವು ಸಾಮಾನ್ಯವಾಗಿ ಮರೆಯುವುದು ಅದನ್ನೇ.

ಸಹೋದರಿಯರೇ, ಮನೆಗೆಲಸದಲ್ಲಿ ಹೆಚ್ಚಿನವು ಪ್ರತಿದಿನವೂ ನಿನ್ನೆಯಂತೆಯೇ ಆಗಬೇಕಾದವು. ಚಹಾದ ರುಚಿ ಒಂದು ದಿನ ಬೇರೆಯಾದರೂ ಮನೆಮಂದಿ ಹುಬ್ಬೇರಿಸುತ್ತಾರೆ. ಆದ್ದರಿಂದ ಏನಾಗುವುದೋ ನೋಡೋಣ ಎಂದು ಮಾಡಬಹುದಾದ ಕೆಲಸ ವಾರಕ್ಕೊಂದಾದರೂ ನಮ್ಮ ಕೈಯಲ್ಲಿರಬೇಕು. ಹಿಮದ ಬಣ್ಣ ಅಂತಹ ಒಂದು ಕೆಲಸ. ಸೋಡಾದ ಅಳತೆ, ಮಾಸ್ಕ್, ಕಾಯುವ ಸಮಯ, ಇವುಗಳಲ್ಲಿ ಶಿಸ್ತು ಬೇಕೇ ಬೇಕು. ಅದರಾಚೆಗಿನದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ನಮ್ಮನ್ನು ದೂರುವವರೂ ಇಲ್ಲ. ದೂರದೇಶದಲ್ಲಿರುವ ಮಗಳೋ ತಂಗಿಯೋ ಚಳಿಗೆ ಬೇಸತ್ತು ಫೋನಿನಲ್ಲಿ ನಿಟ್ಟುಸಿರು ಬಿಟ್ಟರೆ ಈ ವಿಷಯ ತಿಳಿಸಿ. ಆಕೆ ಅಲ್ಲಿ ಹಿಮದಲ್ಲಿ ಮಾಡಲಿ, ನೀವು ಇಲ್ಲಿ ಐಸಿನಲ್ಲಿ ಮಾಡಿ. ಆ ಮೇಲೆ ಇಬ್ಬರ ನೋಟ್‌ಬುಕ್‌ಗಳನ್ನೂ ಹೋಲಿಸಿ ನೋಡಿ. ಮುಂದಿನ ಸಲ ಏನನ್ನು ಬದಲಾಯಿಸಬೇಕೆಂದು ಆಗ ನಿಮಗೇ ಹೊಳೆಯುತ್ತದೆ.